ತಿರುಗಾಟದ ಕೊನೆಯ ರಾತ್ರಿ: ಹಿರಿಯ ರಾಕ್ ಗಾಯಕರ ಕಾನ್ಸರ್ಟಿಗೆ ಮಲೆನಾಡಿನಿಂದ ಹೋಗಿಬರುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ರಾಕ್ ಸಂಗೀತ ಕೇಳುವವರು ಕಡಿಮೆಯೇನಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಹಾಸ್ಟೆಲಿನ ಟೇಪ್‌ರೆಕಾರ್ಡರ್ ಮುಂದೆ ಕೂತು, ಒಂದು ಕ್ಯಾಸೆಟ್ಟಿಂದ ಇನ್ನೊಂದಕ್ಕೆ ಹಾಡು ತುಂಬಿಸಿಕೊಂಡು ಕೇಳಿದವರಿಗೆ ಈಗ ಐವತ್ತು ದಾಟಿದೆ. ಅವರು ಕೇಳಿದ ಗಾಯಕರಿಗೆ ಎಪ್ಪತ್ತು, ಎಂಬತ್ತು. ಅಂಥ ಒಬ್ಬ ಗಾಯಕರ ತಿರುಗಾಟ ಮುಗಿಯುವ ಕಾರ್ಯಕ್ರಮ ನಮ್ಮ ಕೈಗೆಟುಕುವ ಊರಿನ ಮೈದಾನದಲ್ಲಿ ನಡೆಯುತ್ತದೆಂದು ಗೊತ್ತಾದರೆ ಹೊರಡಲೇಬೇಕು ಎನ್ನುವವನು ನಾನು. ಆದರೆ ಹೊರಡುವುದಕ್ಕೂ ಚೆನ್ನಾಗಿ ಕೇಳಿ ಬರುವುದಕ್ಕೂ ನಡುವೆ ಬಹಳ ಕೆಲಸವಿದೆ. ಹಾಡು ನಡೆಯುವ ಆ ಎರಡು ಗಂಟೆ ಪೂರ್ತಿ ನಿಮ್ಮದಾಗಬೇಕು. ಹಸಿವು, ಕಾಲುನೋವು, ಬಸ್ಸು ತಪ್ಪುವ ಚಿಂತೆ, ಕೈಯಲ್ಲಿರುವ ಫೋನು, ಯಾವುದೂ ಅದನ್ನು ಕಸಿದುಕೊಳ್ಳಬಾರದು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಕೊನೆಯ ರಾತ್ರಿಯೇ ಯಾಕೆ?

ಯಕ್ಷಗಾನ ಮೇಳದ ತಿರುಗಾಟದ ಕೊನೆಯ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳಗಳ ತಿರುಗಾಟ ನಿಲ್ಲುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮುಂಚಿನ ಆಟದಲ್ಲಿ ಹಿಮ್ಮೇಳಕ್ಕೂ ಮುಮ್ಮೇಳಕ್ಕೂ ನಾಳೆಗೆಂದು ಉಳಿಸಿಕೊಳ್ಳಬೇಕಾದ್ದು ಏನೂ ಇರುವುದಿಲ್ಲ. ರಾಕ್ ತಂಡಗಳಲ್ಲೂ ಹಾಗೆಯೇ. ತಿಂಗಳುಗಟ್ಟಲೆ ಊರೂರು ತಿರುಗಿ ಒಂದೇ ಹಾಡುಗಳನ್ನು ನುಡಿಸಿದ ಕೈಗಳು ಅಷ್ಟರಲ್ಲಿ ಪಳಗಿರುತ್ತವೆ. ನಾಳೆಗೆ ಗಂಟಲು ಉಳಿಸಿಕೊಳ್ಳುವ ಹಂಗಿರುವುದಿಲ್ಲ. ಹೊರಗಿನ ಅತಿಥಿಗಳೂ ಬಂದು ಸೇರುತ್ತಾರೆ. 2019ರ ಜುಲೈ 13ರಂದು ಪಾಲ್ ಮೆಕಾರ್ಟ್ನಿ ತಮ್ಮ ತಿರುಗಾಟವನ್ನು ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಮುಗಿಸಿದಾಗ ಅವರಿಗೆ 77 ವರ್ಷ. ಆ ರಾತ್ರಿ ಬೀಟಲ್ಸ್ ಕಾಲದ ಜೊತೆಗಾರ ರಿಂಗೋ ಸ್ಟಾರ್ ಬಂದು ಡ್ರಮ್ಸ್ ಮುಂದೆ ಕೂತರು. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2012ರ ಜುಲೈ 31ರಂದು ಯುರೋಪಿನ ಸುತ್ತನ್ನು ಹೆಲ್ಸಿಂಕಿಯ ಒಲಿಂಪಿಕ್ ಸ್ಟೇಡಿಯಂನಲ್ಲಿ ಮುಗಿಸುವಾಗ 4 ಗಂಟೆ 6 ನಿಮಿಷ ಹಾಡಿದರು. ಅವರ ಬದುಕಿನಲ್ಲೇ ಅತಿ ದೀರ್ಘ ಕಾರ್ಯಕ್ರಮ ಅದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಹಿರಿಯ ಕಲಾವಿದರ ವಿಷಯದಲ್ಲಿ ‘ಇನ್ನೊಮ್ಮೆ ಬಂದಾಗ ನೋಡೋಣ’ ಎನ್ನುವ ಹಾಗಿಲ್ಲ. ಏರೋಸ್ಮಿತ್ ತಂಡ 2023ರ ಸೆಪ್ಟೆಂಬರಿನಲ್ಲಿ ವಿದಾಯದ ತಿರುಗಾಟ ಶುರುಮಾಡಿತು. ಮೂರೇ ಕಾರ್ಯಕ್ರಮಗಳಾಗುವಷ್ಟರಲ್ಲಿ ಗಾಯಕ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಯಿತು. ಕಾದು ನೋಡಿ, 2024ರ ಆಗಸ್ಟಿನಲ್ಲಿ ತಂಡ ಇನ್ನು ತಿರುಗಾಟವೇ ಇಲ್ಲವೆಂದು ಹೇಳಿಬಿಟ್ಟಿತು. ಅವರ ಕೊನೆಯ ರಾತ್ರಿ ಎಂಬುದು ಬರಲೇ ಇಲ್ಲ.

ಮೊದಲು ಮನೆಯ ಕೆಲಸದ ಲೆಕ್ಕ, ಆಮೇಲೆ ಟಿಕೆಟ್

ನಮ್ಮ ದೇಶದಲ್ಲಿ ಬಯಲಿನ ದೊಡ್ಡ ಕಾನ್ಸರ್ಟುಗಳು ಹೆಚ್ಚಾಗಿ ನಡೆಯುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಮಳೆ ಇಲ್ಲ, ಸೆಕೆ ಇಲ್ಲ. ಮಲೆನಾಡಿನ ಮನೆಗಳಿಗೆ ಅದೇ ಅಡಿಕೆ ಕೊಯ್ಲಿನ ಕಾಲ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬರುವ ದಿನ ಹಿಂದೆ ಮುಂದೆ ಆಗುವುದು ಯಾರಿಗೂ ಹೊಸದಲ್ಲ. ಬಂದ ದಿನ ಸುಲಿಯುವವರು, ಬೇಯಿಸುವವರು, ಅಟ್ಟಕ್ಕೆ ಹರಡುವವರು ಎಲ್ಲರೂ ಬೇಕು. ಹಾಗಾಗಿ ಟಿಕೆಟ್ ಕೊಳ್ಳುವ ಮುಂಚೆ ಮನೆಯಲ್ಲಿ ಮಾತಾಡಿ. ಹೋಗುವ ದಿನ, ಇರುವ ರಾತ್ರಿ, ಬರುವ ದಿನ ಸೇರಿಸಿ ಮೂರು ದಿನವನ್ನಾದರೂ ಬಿಡಿಸಿಟ್ಟುಕೊಳ್ಳಿ. ಮೋಡ ಕಂಡ ಕೂಡಲೇ ಒಣಹಾಕಿದ್ದನ್ನು ಎತ್ತಿಡುವವರು ಯಾರು, ಕೊಟ್ಟಿಗೆ ನೋಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಲಿ. ಮೈದಾನದಲ್ಲಿ ನಿಂತು ಮನೆಗೆ ಫೋನ್ ಹಚ್ಚುತ್ತಾ ಕೂತರೆ ಹಾಡೂ ಇಲ್ಲ, ಅಡಿಕೆಯೂ ಇಲ್ಲ.

ಟಿಕೆಟ್ ಮಾರಾಟದ ದಿನ ಮಲೆನಾಡಿಗರಿಗೆ ಒಂದು ತೊಂದರೆ ಹೆಚ್ಚಿಗೆ: ನೆಟ್‌ವರ್ಕ್. ಮಾರಾಟ ಶುರುವಾಗುವ ಗಳಿಗೆಯಲ್ಲಿ ಲಕ್ಷಗಟ್ಟಲೆ ಜನ ಒಂದೇ ಆ್ಯಪಿನ ಸಾಲಿನಲ್ಲಿ ನಿಂತಿರುತ್ತಾರೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಹೊತ್ತಲ್ಲ ಅದು. ಪೇಟೆಯಲ್ಲಿರುವ ನೆಂಟರ ಮನೆಗೋ ಫೈಬರ್ ಸಂಪರ್ಕ ಇರುವ ಗೆಳೆಯರ ಅಂಗಡಿಗೋ ಹೋಗಿ ಕೂರಿ. ಹಿಂದಿನ ದಿನವೇ ಆ್ಯಪಿನಲ್ಲಿ ಖಾತೆ ತೆರೆದು, ಹಣ ಕಟ್ಟುವ ದಾರಿಯನ್ನೂ ಸರಿಮಾಡಿಟ್ಟುಕೊಳ್ಳಿ.

ಸಿಗದಿದ್ದರೆ ಮರುಮಾರಾಟದ ಜಾಲತಾಣಗಳ ಕಡೆ ಓಡಬೇಡಿ. 2025ರ ಜನವರಿಯಲ್ಲಿ ನಮ್ಮ ದೇಶದಲ್ಲಿ ನಡೆದ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಗಳ ಟಿಕೆಟ್ ಹಿಂದಿನ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದು ಕ್ಷಣದಲ್ಲಿ ಖಾಲಿಯಾದವು. ಅವೇ ಟಿಕೆಟುಗಳು ಬೇರೆಡೆ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡವು. ಹಾಗೆ ಕೊಂಡದ್ದು ಗೇಟಿನಲ್ಲಿ ನಡೆಯುತ್ತದೆಂಬ ಖಾತ್ರಿ ಯಾರೂ ಕೊಡುವುದಿಲ್ಲ. ಬದಲಿಗೆ ಕಾಯಿರಿ. ಕಾರ್ಯಕ್ರಮ ಹತ್ತಿರ ಬಂದ ಹಾಗೆ ವೇದಿಕೆಯ ಅಳತೆ ಖಚಿತವಾಗಿ, ತಡೆಹಿಡಿದಿದ್ದ ಸೀಟುಗಳನ್ನು ಆಯೋಜಕರೇ ಮಾರಾಟಕ್ಕೆ ಬಿಡುವುದುಂಟು.

ಹೋಗುವ ದಾರಿ, ಅದಕ್ಕಿಂತ ಮುಖ್ಯವಾಗಿ ಬರುವ ದಾರಿ

ಬೆಂಗಳೂರಾದರೆ ಹೋಗುವುದು ಸುಲಭ. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದರೆ ಹತ್ತರ ಆಸುಪಾಸಿಗೆ ಬೆಂಗಳೂರು. ಸಾಗರ, ಆನಂದಪುರದವರಿಗೆ ತಾಳಗುಪ್ಪ–ಮೈಸೂರು ರಾತ್ರಿ ರೈಲಿದೆ. ಬೆಳಗಿನ ಜಾವ ಇಳಿದು, ಸ್ನಾನ ಮಾಡಿ, ಮಧ್ಯಾಹ್ನ ಎರಡು ತಾಸು ನಿದ್ದೆ ಮಾಡುವಷ್ಟು ಹೊತ್ತು ಇಟ್ಟುಕೊಳ್ಳಿ. ಆ ನಿದ್ದೆ ಐಷಾರಾಮವಲ್ಲ. ರಾತ್ರಿಯೆಲ್ಲ ಪಯಣಿಸಿ ನೇರವಾಗಿ ಮೈದಾನಕ್ಕೆ ಹೋದವರು ಮೂರನೆಯ ಹಾಡಿಗೇ ಕೂರಲು ಜಾಗ ಹುಡುಕುತ್ತಾರೆ.

ತೊಡಕಿರುವುದು ವಾಪಸಾತಿಯಲ್ಲಿ. ಜನಶತಾಬ್ದಿ ಬೆಂಗಳೂರು ಬಿಡುವುದು ಸಂಜೆ, ನಮಗೆ ಉಪಯೋಗವಿಲ್ಲ. ತಾಳಗುಪ್ಪ ಕಡೆಯ ರಾತ್ರಿ ರೈಲು ಮೆಜೆಸ್ಟಿಕ್‌ನಿಂದ ಹೊರಡುವುದು ಹನ್ನೊಂದರ ಸುಮಾರಿಗೆ. ಕಾರ್ಯಕ್ರಮ ಹತ್ತಕ್ಕೆ ಮುಗಿದರೂ ಮೈದಾನದಿಂದ ಹೊರಬರುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಬಹುದು. ಆ ರೈಲನ್ನು ನಂಬಿದವರು ಕೊನೆಯ ಮೂರು ಹಾಡು ಬಿಟ್ಟು ಓಡಬೇಕಾಗುತ್ತದೆ. ತಿರುಗಾಟದ ಕೊನೆಯ ರಾತ್ರಿ ಕೊನೆಯ ಮೂರು ಹಾಡು ಬಿಡುವುದಾದರೆ ಹೋಗುವುದೇ ಬೇಡ. ಆ ರಾತ್ರಿ ಅಲ್ಲೇ ಉಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಉಳಿಯಲಾಗದವರು ನಡುರಾತ್ರಿಯ ಸುಮಾರಿಗೆ ಹೊರಡುವ ಬಸ್ಸಿಗೆ ಸೀಟು ಕಾದಿರಿಸಿ. ಕಾರ್ಯಕ್ರಮ ತುಮಕೂರು ರಸ್ತೆಯ ಮಾದಾವರದ ಕಡೆಯ ಮೈದಾನದಲ್ಲಿದ್ದರೆ ನಮ್ಮ ಅದೃಷ್ಟ. 2024ರ ನವೆಂಬರಿನಿಂದ ಅಲ್ಲಿವರೆಗೂ ಮೆಟ್ರೊ ಇದೆ, ಶಿವಮೊಗ್ಗದ ಬಸ್ಸುಗಳು ಹಾಯುವುದೂ ಅದೇ ರಸ್ತೆಯಲ್ಲಿ. ಮೆಜೆಸ್ಟಿಕ್‌ಗೆ ಹಿಂದೆ ಹೋಗಬೇಕಾಗಿಲ್ಲ, ನಿಮ್ಮ ಬಸ್ಸು ಯಶವಂತಪುರದಲ್ಲೋ ಗೊರಗುಂಟೆಪಾಳ್ಯದಲ್ಲೋ ಹತ್ತಿಸಿಕೊಳ್ಳುತ್ತದೆಯೇ ಎಂದು ಸೀಟು ಕಾದಿರಿಸುವಾಗಲೇ ನೋಡಿ.

ಕಾರು ತಂದಿದ್ದೀರೆಂದು ಆ ರಾತ್ರಿಯೇ ಊರಿಗೆ ಹೊರಡಬೇಡಿ. ಇಡೀ ದಿನ ನಿಂತು, ಕಿವಿ ತುಂಬ ಹಾಡು ತುಂಬಿಕೊಂಡು, ತಿಪಟೂರು, ಅರಸೀಕೆರೆ, ಕಡೂರು ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಡಿಸೆಂಬರು, ಜನವರಿಯಲ್ಲಿ ತರೀಕೆರೆ, ಭದ್ರಾವತಿಯ ಕಡೆ ಬೆಳಗಿನ ಜಾವ ಮಂಜು ಬೇರೆ. ಮಲಗಿ, ತಿಂಡಿ ತಿಂದು ಹೊರಡಿ.

ಕಾರ್ಯಕ್ರಮ ಮುಂಬಯಿ ಕಡೆ ಇದ್ದರೆ ಮಲೆನಾಡಿನ ಪಶ್ಚಿಮದ ಅಂಚಿನವರಿಗೆ ಬೆಂಗಳೂರಿಗೆ ಬರುವ ಗೊಡವೆಯೇ ಬೇಡ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಉಡುಪಿಗೆ, ಹೊಸನಗರದವರು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋದರೆ ಕೊಂಕಣ ರೈಲ್ವೆಯ ಮತ್ಸ್ಯಗಂಧ ಸಿಗುತ್ತದೆ. ಮಧ್ಯಾಹ್ನ ಮಂಗಳೂರು ಬಿಟ್ಟು ಮರುದಿನ ಬೆಳಗ್ಗೆ ಮುಂಬಯಿ ಮುಟ್ಟುವ ರೈಲದು. ನವಿ ಮುಂಬಯಿಯ ಡಿ.ವೈ. ಪಾಟೀಲ್ ಸ್ಟೇಡಿಯಂ ಇರುವುದು ನೆರೂಲ್‌ನಲ್ಲಿ. ಮುಂಬಯಿವರೆಗೂ ಹೋಗದೆ ಪನ್ವೇಲ್‌ನಲ್ಲೇ ಇಳಿದು ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ನೇರವಾಗಿ ನೆರೂಲ್ ಸೇರಬಹುದು.

ಎಲ್ಲ ಪ್ರಯಾಣದ ಟಿಕೆಟನ್ನೂ ರದ್ದು ಮಾಡಿದರೆ ಹಣ ಮರಳುವಂಥದ್ದನ್ನೇ ತೆಗೆದುಕೊಳ್ಳಿ. ಬಯಲಿನ ಕಾರ್ಯಕ್ರಮಗಳು ಹಠಾತ್ತನೆ ನಿಲ್ಲುವುದುಂಟು. 2011ರ ಅಕ್ಟೋಬರ್ 28ರಂದು ದೆಹಲಿ ಹತ್ತಿರದ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಜನ ಸೇರಿದ ಮೇಲೆ ನಿಂತುಹೋಯಿತು. ಎರಡು ದಿನ ಬಿಟ್ಟು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ನುಡಿಸಿತು. ಮುಂದೂಡಿದರೆ ಹಳೆಯ ಕಾನ್ಸರ್ಟ್ ಟಿಕೆಟನ್ನು ಇಟ್ಟುಕೊಳ್ಳಿ. 2019ರಲ್ಲಿ ಗಾಯಕ ಮಿಕ್ ಜಾಗರ್ ಅವರಿಗೆ ಹೃದಯದ ಕವಾಟದ ಚಿಕಿತ್ಸೆಯಾದಾಗ ಅವರ ರೋಲಿಂಗ್ ಸ್ಟೋನ್ಸ್ ತಂಡ ತಿರುಗಾಟವನ್ನು ಮುಂದೆ ಹಾಕಿತು. ಅದೇ ಬೇಸಿಗೆಯಲ್ಲಿ ಅವರು ಮತ್ತೆ ವೇದಿಕೆ ಹತ್ತಿದರು.

ಹೋಗುವ ಮುಂಚೆ ಕೇಳಿಕೊಂಡು ಹೋಗಿ

ಈ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೊನೆಯ ರಾತ್ರಿಗೆ ಬರುವ ಹೊತ್ತಿಗೆ ಆ ತಿರುಗಾಟದಲ್ಲಿ ಯಾವ ಹಾಡುಗಳನ್ನು ಯಾವ ಕ್ರಮದಲ್ಲಿ ಹಾಡುತ್ತಿದ್ದಾರೆಂಬ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಕ್ರಮವಾಗಿ ಜೋಡಿಸಿಕೊಂಡು ವಾರಕ್ಕೆರಡು ಸಲ ಕೇಳಿ. ತೋಟದಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲಾದರೂ ಸರಿ. ಗೊತ್ತಿಲ್ಲದ ಹೊಸ ಹಾಡುಗಳನ್ನು ಬಿಡಬೇಡಿ. ಹಿರಿಯ ಗಾಯಕರು ಹೊಸ ಆಲ್ಬಮ್ಮಿನ ಹಾಡು ಎತ್ತಿದಾಗ ಜನ ನೀರು ಕುಡಿಯಲು ಏಳುತ್ತಾರೆ. ಗಾಯಕರ ಇವತ್ತಿನ ಗಂಟಲಿಗೆ ಅಳತೆಮಾಡಿ ಬರೆದ ಹಾಡು ಅದೇ ಆದ್ದರಿಂದ, ಎಷ್ಟೋ ಸಲ ಆ ರಾತ್ರಿ ಅವರು ಅತಿ ಚೆನ್ನಾಗಿ ಹಾಡುವುದೂ ಅದನ್ನೇ.

ಈಗಿನ ಧ್ವನಿಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ. 1980ರ ರೆಕಾರ್ಡಿನ ದನಿ ಇವತ್ತು ಸಿಗುವುದಿಲ್ಲ. ವಯಸ್ಸಾದ ಗಾಯಕರು ಹಳೆಯ ಹಾಡುಗಳನ್ನು ಅರ್ಧ ಸ್ವರ, ಒಂದು ಸ್ವರ ಶ್ರುತಿ ಇಳಿಸಿ ಹಾಡುವುದು ವಾಡಿಕೆ. ತಾರದ ಜಾಗಗಳನ್ನು ಸಹಗಾಯಕರಿಗೆ ಬಿಟ್ಟು ತಾವು ಕೆಳಗೆ ನಿಲ್ಲುತ್ತಾರೆ, ಎಳೆಯುತ್ತಿದ್ದ ಸಾಲನ್ನು ಮುರಿದು ಮಾತಿನ ಹಾಗೆ ಹೇಳುತ್ತಾರೆ. ಎಲ್ಟನ್ ಜಾನ್ 1987ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಅವರ ದನಿ ಕೆಳಗಿಳಿದು ದಪ್ಪವಾಯಿತು. ಅದೇ ದನಿಯಲ್ಲಿ ಇನ್ನೂ ಮೂವತ್ತಾರು ವರ್ಷ ಹಾಡಿ, 2018ರ ಸೆಪ್ಟೆಂಬರಿನಲ್ಲಿ ಶುರುಮಾಡಿದ ವಿದಾಯದ ತಿರುಗಾಟವನ್ನು 2023ರ ಜುಲೈ 8ರಂದು ಸ್ಟಾಕ್‌ಹೋಮ್‌ನಲ್ಲಿ ಮುಗಿಸಿದರು. ಕಳೆದುಹೋದ ಸ್ವರವನ್ನು ಹುಡುಕುತ್ತಾ ನಿಂತರೆ ಉಳಿದಿರುವ ಸ್ವರವನ್ನು ಕೇಳುವುದಿಲ್ಲ. ಹಿರಿಯ ಹಿಂದೂಸ್ತಾನಿ ಗಾಯಕರ ಕಚೇರಿಗೆ ನಾವು ತೋರುವ ತಾಳ್ಮೆಯನ್ನು ಇಲ್ಲಿಯೂ ತೋರಬೇಕು.

ಚೀಲದಲ್ಲಿ, ಮೈಮೇಲೆ

ಹೆಚ್ಚಿನ ಮೈದಾನಗಳಲ್ಲಿ ಹೊರಗಿನ ತಿಂಡಿ, ಸ್ಟೀಲ್ ಬಾಟಲಿ, ಕೊಡೆ, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಕೋಡುಬಳೆ, ಅವಲಕ್ಕಿ ಚೂಡ ಬಸ್ಸಿಗಿರಲಿ. ನಾಲ್ಕು ಗಂಟೆಯೊಳಗೆ ಹೊಟ್ಟೆ ತುಂಬ ಅನ್ನ ಸಾರು ಊಟ ಮಾಡಿ. ನೀರನ್ನು ಮಧ್ಯಾಹ್ನದಿಂದಲೇ ಸ್ವಲ್ಪಸ್ವಲ್ಪ ಕುಡಿಯಿರಿ. ಒಳಗೆ ಒಂದೊಂದು ಬಾಟಲಿಗೂ ಸಾಲು ನಿಲ್ಲಬೇಕಾಗುತ್ತದೆ. ಪವರ್‌ಬ್ಯಾಂಕ್ ಬಿಡುತ್ತಾರೋ ಇಲ್ಲವೋ ಎಂಬುದನ್ನು ಟಿಕೆಟ್ಟಿನ ಜೊತೆ ಬರುವ ಸೂಚನೆಗಳಲ್ಲಿ ಓದಿ. ನಿತ್ಯದ ಮಾತ್ರೆ ಇರುವವರು ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ.

ಕಾಲಿಗೆ ಪಳಗಿದ ಶೂ ಬೇಕು. ಚಪ್ಪಲಿ ಬೇಡ, ಹೊಸ ಶೂ ಸಹ ಬೇಡ. ಬೆಂಗಳೂರಿನಲ್ಲಿ ಡಿಸೆಂಬರಿನ ರಾತ್ರಿ ಬಯಲಿನಲ್ಲಿ ಚಳಿ ಹತ್ತುತ್ತದೆ, ಸೊಂಟಕ್ಕೆ ಕಟ್ಟಿಕೊಳ್ಳುವಂಥ ತೆಳು ಸ್ವೆಟರ್ ಸಾಕು. ಏಪ್ರಿಲ್, ಮೇ ಆದರೆ ಮಡಚಿ ಜೇಬಿಗೆ ಹಾಕುವ ಪ್ಲಾಸ್ಟಿಕ್ ರೇನ್‌ಕೋಟ್ ಇರಲಿ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನುಡಿಸಿದ್ದು ಮಳೆಯಲ್ಲೇ. ಆಗ ಜಾಗರ್ ಅವರಿಗೆ 59. ಮಳೆಯೆಂದರೆ ಏನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಕಾಲುಚೀಲ ಒಂದು ಜೊತೆ ಹೆಚ್ಚಿಗೆ ಇದ್ದರೆ ವಾಪಸ್ ಬರುವ ಬಸ್ಸಿನಲ್ಲಿ ಸುಖ.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಸ್ಪಂಜಿನ ಇಯರ್‌ಪ್ಲಗ್. 85 ಡೆಸಿಬೆಲ್ ಶಬ್ದವನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳುತ್ತದೆಂದು ಲೆಕ್ಕ. ಪ್ರತಿ ಮೂರು ಡೆಸಿಬೆಲ್ ಹೆಚ್ಚಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ರಾಕ್ ಕಾನ್ಸರ್ಟಿನಲ್ಲಿ ಸಾಮಾನ್ಯವಾಗಿ ಇರುವ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಪ್ಲಗ್ಗನ್ನು ಬೆರಳ ನಡುವೆ ತಿರುಚಿ ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಅದು ಅರಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹಾಡು ಮಂಕಾಗುತ್ತದೆಂಬ ಹೆದರಿಕೆ ಮೊದಲ ಹಾಡಿಗಷ್ಟೇ. ಆಮೇಲೆ ಗಿಟಾರು ಬೇರೆ, ಮಾತು ಬೇರೆ ಬಿಡಿಸಿ ಕೇಳತೊಡಗುತ್ತದೆ. ಮಕ್ಕಳನ್ನು ಕರೆದೊಯ್ದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಲೇಬೇಕು.

ಗೇಟಿನ ಬಳಿ

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದಿ ಹೂ’ ತಂಡದ ಕಾರ್ಯಕ್ರಮಕ್ಕೆ ಬಂದ 11 ಮಂದಿ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ 11 ಮಂದಿ ಸತ್ತರು. ಎರಡೂ ಕಡೆ ಸಾವು ಸಂಭವಿಸಿದ್ದು ಒಳಗಲ್ಲ, ಬಾಗಿಲ ಬಳಿ. ಜನ ಅಪಾಯವನ್ನು ವೇದಿಕೆಯ ಮುಂದೆ ಹುಡುಕುತ್ತಾರೆ, ಅದು ಗೇಟಿನಲ್ಲಿರುತ್ತದೆ.

ಆದ್ದರಿಂದ ಗೇಟು ತೆರೆಯುವ ಗಳಿಗೆಯ ನೂಕಿಗೆ ಸಿಕ್ಕಬೇಡಿ. ತೆರೆದು ಒಂದು ತಾಸು ಕಳೆದ ಮೇಲೆ, ಆದರೆ ಮುಖ್ಯ ಕಾರ್ಯಕ್ರಮಕ್ಕೆ ಗಂಟೆಗೂ ಹೆಚ್ಚು ಮುಂಚೆ ಸೇರಿ. ಟಿಕೆಟ್ ಇಲ್ಲದವರು ಗುಂಪುಗಟ್ಟಿದ ಗೇಟಿನಿಂದ ದೂರವಿರಿ. ಜನ ಒತ್ತುತ್ತಿದ್ದಾರೆ, ನಿಮ್ಮ ಕೈ ನಿಮಗೇ ಎತ್ತಲಾಗುತ್ತಿಲ್ಲ ಅನಿಸಿದ ಕೂಡಲೇ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳಿ. ಅಲೆಗೆ ಎದುರು ತಳ್ಳಬೇಡಿ. ಅದು ಸಡಿಲಾದಾಗ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಫೋನೋ ಚಪ್ಪಲಿಯೋ ಬಿದ್ದರೆ ಬಗ್ಗಬೇಡಿ, ಹೋಗಲಿ ಬಿಡಿ. ಪಕ್ಕದವರು ಬಿದ್ದರೆ ಮಾತ್ರ ಕೂಗಿ, ಕೈಕೊಟ್ಟು ಎಬ್ಬಿಸಿ.

ಒಳಗೆ ಹೋದ ಕೂಡಲೇ ಜೊತೆಗಾರರೆಲ್ಲ ಸೇರಿ ಒಂದು ಗುರುತು ನೋಡಿಟ್ಟುಕೊಳ್ಳಿ, ದೊಡ್ಡ ದೀಪದ ಕಂಬವೋ ನಂಬರು ಬರೆದ ಗೇಟೋ. ಅಷ್ಟು ಜನರ ನಡುವೆ ಫೋನ್ ಹತ್ತುವುದಿಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ ಯಾರಾದರೂ ಹಿರಿಯರು ಜೊತೆಗಿದ್ದರೆ ನಿಲ್ಲುವ ಟಿಕೆಟ್ ಬೇಡವೇ ಬೇಡ. ಮೆಟ್ಟಿಲು ಕಡಿಮೆ ಇರುವ, ಶೌಚಾಲಯಕ್ಕೆ ಹತ್ತಿರದ ಸೀಟು ತೆಗೆದುಕೊಡಿ.

ನಿಲ್ಲುವ ಜಾಗ

ಮುಂದಿನ ಸಾಲಿಗಾಗಿ ಬಿಸಿಲಲ್ಲಿ ಆರು ತಾಸು ಕಾಯುವವರನ್ನು ನೋಡಿ ಆಸೆಪಡಬೇಡಿ. ಅಲ್ಲಿ ಗಾಯಕರ ಮುಖ ಕಾಣುತ್ತದೆ, ಹಾಡು ಚೆನ್ನಾಗಿ ಕೇಳುವುದಿಲ್ಲ. ವೇದಿಕೆಯ ಬುಡದಲ್ಲಿ ಬಾಸ್ ಸ್ಪೀಕರುಗಳು ಇರುತ್ತವೆ, ಎದೆಗೆ ಗುದ್ದಿದ ಹಾಗಾಗುತ್ತದೆ. ಹಾಡಿನ ಮಾತು ಬರುವ ಸ್ಪೀಕರುಗಳು ಎತ್ತರದಲ್ಲಿ ತೂಗುತ್ತಾ, ತಲೆಯ ಮೇಲಿನಿಂದ ಹಿಂದಕ್ಕೆ ಹಾಯುವಂತೆ ಗುರಿಯಿಟ್ಟಿರುತ್ತವೆ.

ಮೈದಾನದ ನಡುವೆ, ವೇದಿಕೆಗೆ ಎದುರಾಗಿ, ಸುತ್ತ ಬೇಲಿ ಹಾಕಿ ಮೇಲೆ ಟಾರ್ಪಾಲು ಹೊದಿಸಿದ ಒಂದು ಅಟ್ಟಣಿಗೆ ಕಾಣುತ್ತದೆ. ಸೌಂಡ್ ಇಂಜಿನಿಯರ್ ಮಿಕ್ಸರ್ ಮುಂದೆ ನಿಲ್ಲುವುದು ಅಲ್ಲಿ. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ತಿದ್ದುತ್ತಾ ಹೋಗುತ್ತಾರೆ, ಆದ್ದರಿಂದ ಇಡೀ ಮೈದಾನದಲ್ಲಿ ಸರಿಯಾದ ಹದದ ಧ್ವನಿ ಸಿಗುವುದು ಆ ಅಟ್ಟಣಿಗೆಯ ಆಸುಪಾಸಿನಲ್ಲೇ. ಅದರ ಮುಂದೆ ಸ್ವಲ್ಪ ಓರೆಯಾಗಿ, ಇಲ್ಲವೇ ಬೇಲಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಹಿಂದಿನಿಂದ ಯಾರೂ ನೂಕುವುದಿಲ್ಲ, ಒರಗಲು ಆಸರೆಯೂ ಆಯಿತು.

ಇನ್ನೂ ಹಿಂದಿದ್ದರೆ ಒಂದು ವಿಚಿತ್ರ ಕಾಣುತ್ತದೆ. ದೊಡ್ಡ ಪರದೆಯಲ್ಲಿ ಡ್ರಮ್ಮಿನ ಮೇಲೆ ಕೋಲು ಬೀಳುತ್ತದೆ, ಶಬ್ದ ಒಂದು ಚಿಟಿಕೆ ತಡವಾಗಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ನೂರು ಮೀಟರ್ ಹಿಂದಿರುವವರಿಗೆ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ದೊಡ್ಡ ಮೈದಾನಗಳಲ್ಲಿ ನಡುನಡುವೆ ನಿಲ್ಲಿಸಿದ ಸ್ಪೀಕರಿನ ಕಂಬಗಳು ವೇದಿಕೆಯ ಶಬ್ದ ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ, ಬೇಕೆಂದೇ ತಡಮಾಡಿ ನುಡಿಯುತ್ತವೆ. ಅಂಥ ಕಂಬದ ಬುಡದಲ್ಲಿ ಮಾತ್ರ ನಿಲ್ಲಬೇಡಿ, ಎರಡು ಹಾಡು ಕೇಳಿದಂತಾಗುತ್ತದೆ.

ಹಾಡು ಶುರುವಾದ ಮೇಲೆ

ಒಂದು ಹಾಡನ್ನು ಫೋನಿನಲ್ಲಿ ತೆಗೆಯಿರಿ, ನೆನಪಿಗೆ. ಆಮೇಲೆ ಜೇಬಿಗೆ ಹಾಕಿ. ಮುಂದಿನವರ ಫೋನು ಅಡ್ಡ ಬಂದರೆ ‘ಅಣ್ಣಾ, ಸ್ವಲ್ಪ ಕೆಳಗೆ ಹಿಡ್ಕೊಳ್ತೀರಾ, ಕಾಣಿಸ್ತಿಲ್ಲ’ ಎಂದು ಹತ್ತಿರ ಹೋಗಿ ಕೇಳಿದರೆ ಹೆಚ್ಚಿನವರು ಇಳಿಸುತ್ತಾರೆ.

ಮೊದಲ ಎರಡು ಹಾಡುಗಳಲ್ಲಿ ಧ್ವನಿ ಇನ್ನೂ ಹದಕ್ಕೆ ಬಂದಿರುವುದಿಲ್ಲ, ನಿರಾಸೆ ಬೇಡ. ನಡುವೆ ಗಾಯಕರು ಒಬ್ಬರೇ ಪಿಯಾನೋ ಮುಂದೆಯೋ ಅಕೌಸ್ಟಿಕ್ ಗಿಟಾರ್ ಹಿಡಿದೋ ಕೂರುವ ಮೆಲ್ಲಗಿನ ಭಾಗ ಬಂದಾಗ ಮಾತಾಡದೆ ಕೇಳಿ. ಶ್ರುತಿ ಇಳಿದ ದನಿಯಲ್ಲಿ ಏನಿದೆಯೆಂದು ತಿಳಿಯುವುದು ಅಲ್ಲಿ. ವಾದ್ಯಗಾರರ ಹೆಸರು ಹೇಳುವಾಗ ಕೈ ನೋಯುವಷ್ಟು ಚಪ್ಪಾಳೆ ತಟ್ಟಿ. ಕೊನೆಯ ರಾತ್ರಿ ಲಾರಿ ಓಡಿಸಿದವರನ್ನು, ದೀಪ ಕಟ್ಟಿದವರನ್ನು ವೇದಿಕೆಗೆ ಕರೆಯುವುದೂ ಉಂಟು.

ಹೆಲ್ಸಿಂಕಿಯ ಹಾಗೆ ನಾಲ್ಕು ಗಂಟೆ ಹಾಡುತ್ತಾರೆಂದು ಇಲ್ಲಿ ಕಾಯುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆಯಾದರೂ ಆಯೋಜಕರು ಹೆಚ್ಚಾಗಿ ಹತ್ತಕ್ಕೇ ಮುಗಿಸುತ್ತಾರೆ. ಎಂಟೂವರೆಗೆ ಇನ್ನೂ ಬಹಳ ಇದೆ ಎಂದು ಶೌಚಾಲಯದ ಸಾಲಿಗೆ ಹೋದರೆ ನೀವು ಕಾದಿದ್ದ ಹಾಡೇ ತಪ್ಪಬಹುದು. ಹೋಗುವುದಿದ್ದರೆ ಮುಖ್ಯ ಗಾಯಕರು ಬರುವ ಮುಂಚೆ ಹೋಗಿಬನ್ನಿ. ‘ಥ್ಯಾಂಕ್ಯೂ, ಗುಡ್‌ನೈಟ್’ ಎಂದು ಒಳಗೆ ಹೋದದ್ದನ್ನು ನಂಬಿ ಎದ್ದುಬಿಡಬೇಡಿ. ಮೈದಾನದ ದೊಡ್ಡ ದೀಪಗಳು ಹತ್ತುವವರೆಗೆ ಕಾರ್ಯಕ್ರಮ ಮುಗಿದಿಲ್ಲ.

ಮುಗಿದ ಮೇಲೆ

ದೀಪ ಹತ್ತಿದ ಮೇಲೂ ಇಪ್ಪತ್ತು ನಿಮಿಷ ಇದ್ದಲ್ಲೇ ಇರಿ. ಹೊರಡುವ ನೂಕು ಸಣ್ಣದಾಗಲಿ. ಟ್ಯಾಕ್ಸಿ ಬೇಕಿದ್ದರೆ ಮೈದಾನದ ಬಾಗಿಲಲ್ಲಿ ಕರೆಯದೆ ಒಂದು ಕಿಲೋಮೀಟರ್ ನಡೆದು, ದಟ್ಟಣೆ ದಾಟಿ ಕರೆಯಿರಿ. ಮೆಟ್ರೊ ಆ ರಾತ್ರಿ ಎಷ್ಟರವರೆಗೆ ಓಡುತ್ತದೆಂಬುದನ್ನು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ, ವಾಪಸ್ ಬರುವ ಟಿಕೆಟನ್ನೂ ಆಗಲೇ ಮಾಡಿಸಿಟ್ಟುಕೊಳ್ಳಿ.

ಮರುದಿನ ಕಿವಿಯಲ್ಲಿ ಗುಂಯ್‌ಗುಡುವುದು ಹೆಚ್ಚಾಗಿ ಒಂದೆರಡು ದಿನದೊಳಗೆ ಇಳಿಯುತ್ತದೆ. ಆ ದಿನ ಇಯರ್‌ಫೋನ್ ಹಾಕಬೇಡಿ, ಅಡಿಕೆ ಸುಲಿಯುವ ಯಂತ್ರದ ಹತ್ತಿರ ಕೂರಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ. ಎರಡು ದಿನ ಕಳೆದರೂ ಸದ್ದು ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದೆ ಅನಿಸಿದರೆ, ತಡಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ನಿಮ್ಮ ಹತ್ತಿರದಲ್ಲೋ ಇರುವ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಹಠಾತ್ತನೆ ಕಿವಿ ಮಂದವಾದರೆ ಮೊದಲ ಕೆಲವು ದಿನಗಳಲ್ಲಿ ಶುರುಮಾಡಿದ ಚಿಕಿತ್ಸೆಗೇ ಫಲ ಹೆಚ್ಚು.